ನಾಯಿ ಮೂಸದ ಹಾಟ್ ಡಾಗ್

ಹಾಟ್ ಡಾಗ್ ಗಾಡಿ ಇಡುವುದು ಬಹಳ ಸುಲಭ. ಒಂದು ಗಾಡಿ ಬೇಕು, ಒಂದು ಕೊಡೆ ಬೇಕು, ಆತ್ಮವಿಶ್ವಾಸ ಬೇಕು. ಗಾಡಿ, ಕೊಡೆ ಬಾಡಿಗೆಗೆ ಸಿಕ್ಕವು. ಆತ್ಮವಿಶ್ವಾಸ ಮನೆಯಲ್ಲೇ ಬೇಕಾದಷ್ಟಿತ್ತು. ಹಾಟ್ ಡಾಗ್ ಅಂದರೆ ಏನು ಎಂಬುದೂ ಗೊತ್ತಿರಬೇಕು ಅಂತ ಮಾತ್ರ ನನಗೆ ಯಾರೂ ಹೇಳಿರಲಿಲ್ಲ!

ಆದದ್ದು ಇಷ್ಟು. ನಾನು ಗುಮಾಸ್ತನಾಗಿದ್ದ ಕಂಪನಿ ಒಂದು ದಿನ ಬಾಗಿಲು ಹಾಕಿತು. ನಾನು ಬಾಗಿಲಿನ ಹೊರಗಡೆ ಉಳಿದೆ. ಘಾಟ್ಕೋಪರಿನ ಮನೆಯಲ್ಲಿ ಹಗಲೆಲ್ಲ ಕುಳಿತು ನಾನು ಫ್ಯಾನು ನೋಡುತ್ತಿದ್ದೆ, ಹೆಂಡತಿ ಶಾಂತಾ ನನ್ನನ್ನು ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳ ತಮ್ಮ ಬಸವರಾಜ ಬಂದ. ಕುರ್ಲಾದಲ್ಲಿ ಅವನದು ಪಾತ್ರೆ ಅಂಗಡಿ.

"ಮಾಮಾ, ಮನ್ಯಾಗ ಸುಮ್ನ ಯಾಕ ಕುಂದರ್ತೀರಿ? ನಮ್ಮ ಅಂಗಡಿಗೆ ಬಂದು ಗಲ್ಲಾದ ಮ್ಯಾಲೆ ಕುಂದರ್ರಿ. ಕುರ್ಚಿಗೆ ಕುಶನ್ ಹಾಕಸ್ತೇನಿ," ಅಂದ.

ಕುಶನ್! ನನ್ನ ಮದುವೆಯಾದ ಹೊಸತರಲ್ಲಿ, ಧಾರವಾಡದ ಮಾವನ ಮನೆಯ ಪಡಸಾಲೆಯಲ್ಲಿ ಇದೇ ಬಸ್ಯಾನಿಗೆ ನಾನು ಮಗ್ಗಿ ಕಲಿಸಿದ್ದೆ. ಹದಿಮೂರರ ಮಗ್ಗಿ ಬರಲಿಲ್ಲವೆಂದು ಕಿವಿ ಹಿಂಡಿದ್ದೆ. ನಾನು ಹಿಂಡಿದ ಕಿವಿಯ ಮಾಲೀಕನ ಕೈಕೆಳಗೆ ಈಗ ನಾನೇ ನೌಕರಿಗೆ ಸೇರಬೇಕೇ? ಪ್ರಾಣ ಹೋದರೂ ಇಲ್ಲ!

"ನಾ ಸ್ವಂತ ಧಂದೆ ಮಾಡಾಂವ," ಅಂದೆ.

"ಯಾವ ಧಂದೆರೀ?" ಅಕ್ಕ ತಮ್ಮ ಒಟ್ಟಿಗೇ ಕೇಳಿದರು.

ಅದನ್ನು ನಾನಿನ್ನೂ ಯೋಚಿಸಿರಲಿಲ್ಲ. ಕೈಯಲ್ಲಿದ್ದ ಮೊಬೈಲಿನಲ್ಲಿ ಯಾವುದೋ ದೇಶದ ದಪ್ಪ ಮನುಷ್ಯನೊಬ್ಬ ಬಣ್ಣದ ಕೊಡೆಯ ಕೆಳಗೆ ನಿಂತು ಉದ್ದನೆಯ ಬನ್ನಿನಲ್ಲಿ ಏನನ್ನೋ ಇಟ್ಟು ಕೊಡುತ್ತಿದ್ದ. ಜನ ಸಾಲುಗಟ್ಟಿ ತಿನ್ನುತ್ತಿದ್ದರು.

"ಹಾಟ್ ಡಾಗ್ ಗಾಡಿ!" ಅಂದುಬಿಟ್ಟೆ.

"ಹಂಗಂದ್ರ?" ಅಂದಳು ಶಾಂತಾ.

"ಹಾಟ್ ಅಂದ್ರ ಬಿಸಿ."

"ಡಾಗ್ ಅಂದ್ರ?"

"ಅದು... ಬರೇ ಹೆಸರಷ್ಟ."

"ಬಿಸಿ ನಾಯಿ ಮಾರ್ತೀರೇನ್ರೀ? ಅಯ್ಯ ಶಿವನೇ! ನಿಮ್ಮ ಬಿಸಿ ನಾಯಿನ್ನ ಬೀದಿ ನಾಯಿ ಸೈತ ಮೂಸಿ ನೋಡಂಗಿಲ್ಲ, ಬರದಿಟ್ಕೋರಿ!"

ಕಡೆಗೆ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು. ರವಿವಾರ ಗಾಡಿಯ ಉದ್ಘಾಟನೆ. ಅವತ್ತು ವ್ಯಾಪಾರವಾದರೆ ನನ್ನ ಮಾತು ನಡೆಯಬೇಕು. ಆಗದಿದ್ದರೆ ಸೋಮವಾರದಿಂದ ನಾನು ಬಸವರಾಜನ ಗಲ್ಲಾದ ಮೇಲೆ. ಹೊರಡುವಾಗ ಬಸವರಾಜ ಚಪ್ಪಲಿ ಮೆಟ್ಟುತ್ತ, "ಕುಶನ್ ಯಾವ ಬಣ್ಣದ್ದು ತರ್ಲಿರೀ ಮಾಮಾ?" ಅಂತ ಕೇಳಿದ. ನಾನು ಗಾಡಿಯ ಬಾಡಿಗೆ ವಿಚಾರಿಸಲು ಮೊಬೈಲ್ ಎತ್ತಿಕೊಂಡೆ.

ನಮ್ಮ ಗಲ್ಲಿಯ ಮೂಲೆಯಲ್ಲಿ ಉಡುಪಿಯ ಶೆಟ್ಟರ ಹೋಟೆಲಿದೆ. ಅನುಭವಸ್ಥರು. ಅವರ ಬಳಿ ಹೋಗಿ, "ಶೆಟ್ರೆ, ಹಾಟ್ ಡಾಗ್ ಒಳಗ ಏನಿಡ್ತಾರ?" ಅಂತ ಕೇಳಿದೆ.

"ಸಾಸೇಜ್ ಮಾರಾಯ್ರೆ. ಮಾಂಸದ್ದು."

ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದೆ. ನಮ್ಮದು ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆತನ! ಸಾಲದ್ದಕ್ಕೆ ನಮ್ಮ ಗಲ್ಲಿಯ ಅರ್ಧ ಜನ ಬೆಳ್ಳುಳ್ಳಿ, ಆಲೂಗಡ್ಡೆ ಸಹ ಮುಟ್ಟದ ಜೈನರು. ಆದರೆ ನನ್ನ ಕಣ್ಣ ಮುಂದೆ ಕುಶನ್ ಬಂತು.

"ಹಂಗಾರ ವೆಜ್ ಮಾಡ್ತೇನಿ. ಜೈನ್ ಹಾಟ್ ಡಾಗ್!"

"ನಿಮಗೆಂತ ಮರ್ಲಾ ಮಾರಾಯ್ರೆ?" ಅಂದರು ಶೆಟ್ಟರು. ಹುಚ್ಚನೆಂದದ್ದನ್ನು ನಾನು ಪ್ರೋತ್ಸಾಹವೆಂದೇ ತಿಳಿದೆ.

ಬಾಳೆಕಾಯಿ ಬೇಯಿಸಿ, ಕಡಲೆಹಿಟ್ಟು ಕಲಸಿ, ಚಕ್ಕಲಿ ಒರಳಿನಲ್ಲಿ ತುಂಬಿ ಒತ್ತಿದೆ. ಒರಳಿನಿಂದ ನೆಟ್ಟಗೇ ಬಂತು. ಕುದಿಯುವ ನೀರಿಗೆ ಬಿಟ್ಟದ್ದೇ ತಡ, ಸುರುಳಿ ಸುತ್ತಿಕೊಂಡು ಡೊಂಕಾಯಿತು. ಬನ್ನಿನೊಳಗೆ ತುರುಕಿದರೆ ಬಾಲ ಹೊರಗೆ!

"ನಾಯಿ ಬಾಲ ಡೊಂಕ ಅಲ್ಲೇನ್ರೀ? ಹೆಸರಿಗೆ ತಕ್ಕಂಗ ಐತಿ ಬಿಡ್ರಿ," ಅಂದಳು ಶಾಂತಾ.

ಇನ್ನು ಮೇಲಿನ ಅಲಂಕಾರ. ವಿಡಿಯೋದ ಮನುಷ್ಯ ಕೊನೆಯಲ್ಲಿ ಮಸ್ಟರ್ಡ್ ಹಾಕಿ ಅಂದಿದ್ದ. ಮಸ್ಟರ್ಡ್ ಅಂದರೆ ಸಾಸಿವೆ ಅಂತ ನನಗೆ ಗೊತ್ತಿತ್ತು. ಅಷ್ಟು ಇಂಗ್ಲಿಷ್ ಬರುತ್ತದೆ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು, ಒಣಮೆಣಸಿನಕಾಯಿ ಹಾಕಿ ಚೊಂಯ್ ಎಂದು ಮೇಲೆ ಸುರಿದೆ. ಬಹುಶಃ ಭೂಮಂಡಲದಲ್ಲೇ ಮೊದಲ ಬಾರಿಗೆ ಹಾಟ್ ಡಾಗಿಗೆ ಒಗ್ಗರಣೆ ಬಿತ್ತು!

ಬೋರ್ಡ್ ಬರೆಯುವ ಪೇಂಟರ್ ಧಾರಾವಿಯಲ್ಲಿದ್ದ. ಫೋನಿನಲ್ಲೇ ಎಲ್ಲ ಸ್ಪಷ್ಟವಾಗಿ ಹೇಳಿದೆ. "ಹಾಟ್ ಡಾಗ್ ಲಿಖೋ. ಪ್ಯೂರ್ ವೆಜ್ ಲಿಖೋ. ಜೈನ್ ಭೀ ಮಿಲೇಗಾ ಲಿಖೋ. ಬಗಲ್ ಮೇ ಏಕ್ ಬಡಾ ಫೋಟೋ ಬನಾವೋ."

"ಕಿಸ್ಕಾ ಫೋಟೋ, ಸೇಠ್?" ಯಾರ ಚಿತ್ರವೆಂದು ಅವನಿಗೆ ಅನುಮಾನ.

"ಅರೇ, ಹಾಟ್ ಡಾಗ್ ಕಾ! ಔರ್ ಕಿಸ್ಕಾ?"

ರವಿವಾರ ಬೆಳಿಗ್ಗೆ ಬೋರ್ಡ್ ಬಂತು. ಬೋರ್ಡಿನ ತುಂಬ ಒಂದು ಕಂದು ಬಣ್ಣದ ನಾಯಿ! ನಾಲಗೆ ಹೊರಗಿತ್ತು. ತಲೆಯ ಮೇಲಿಂದ ಹಬೆ ಏಳುತ್ತಿತ್ತು. ಹಣೆಯ ಮೇಲೆ ಶಾಕಾಹಾರದ ಹಸಿರು ಚುಕ್ಕೆಯನ್ನು ಕುಂಕುಮದ ಹಾಗೆ ಇಟ್ಟಿದ್ದ. ಬದಲಾಯಿಸಲು ವೇಳೆ ಎಲ್ಲಿತ್ತು? ಬಿಲ್ಡಿಂಗ್ ಗೇಟಿನ ಪಕ್ಕ ಗಾಡಿ ನಿಲ್ಲಿಸಿ, ಬೋರ್ಡ್ ಕಟ್ಟಿ, ತೆಂಗಿನಕಾಯಿ ಒಡೆದೆ. ಬಸವರಾಜನೂ ಬಂದಿದ್ದ. ಅವನ ಬಗಲಲ್ಲಿ ಒಂದು ದೊಡ್ಡ ಚೀಲವಿತ್ತು.

ಜನ ಬಂದರು. ಬೋರ್ಡ್ ನೋಡಿದರು. ನನ್ನನ್ನು ನೋಡಿದರು. ಒಬ್ಬ ಹುಡುಗಿ ತನ್ನ ಬಿಳಿ ನಾಯಿಮರಿಯನ್ನು ಎತ್ತಿ ಗಾಡಿಯ ಮೇಲೇ ಕೂರಿಸಿ, "ಅಂಕಲ್, ಬಾಲ್ ಕಾಟನೇ ಕಾ ಕಿತನಾ?" ಅಂತ ಕೂದಲು ಕತ್ತರಿಸುವ ದರ ಕೇಳಿದಳು. ಇನ್ನೊಬ್ಬರು ರೇಬಿಸ್ ಇಂಜೆಕ್ಷನ್ ಕೊಡುತ್ತೀರಾ ಅಂತ ವಿಚಾರಿಸಿದರು. ನಾನು ಎಲ್ಲರಿಗೂ "ನಹೀಂ, ಯೇ ಖಾನೇ ಕಾ ಹೈ" ಅನ್ನುತ್ತಿದ್ದೆ. ತಿನ್ನುವುದು ಎಂದು ಕೇಳಿ ಅವರು ನಾಯಿಯ ಚಿತ್ರ ನೋಡಿ ಇನ್ನೂ ಗಾಬರಿಯಾಗಿ ಓಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಮಾರುತ್ತಿರುವುದು ಏನು ಅಂತ ನನಗೇ ಅನುಮಾನ ಶುರುವಾಯಿತು.

ಆಗ ನಮ್ಮ ಬಿಲ್ಡಿಂಗಿನ ಗುಜರಾತಿ ಅಜ್ಜಿ ಇಳಿದು ಬಂದರು. ದಿನಾ ಬೀದಿ ನಾಯಿಗಳಿಗೆ ರೊಟ್ಟಿ ಹಾಕುವ ಪುಣ್ಯಾತ್ಗಿತ್ತಿ. ಬೋರ್ಡನ್ನು ಪೂರ್ತಿ ಓದಿ ನನಗೆ ಕೈಮುಗಿದರು.

"ಕುತ್ತೋಂ ಕೇ ಲಿಯೇ ಗರಮ್ ಖಾನಾ! ವೋ ಭೀ ಜೈನ್! ಬಹುತ್ ಪುಣ್ಯ ಮಿಲೇಗಾ, ಭಾಯಿ!"

ನಾಯಿಗಳಿಗೆ ಬಿಸಿಯೂಟ, ಅದೂ ಬೆಳ್ಳುಳ್ಳಿ ಇಲ್ಲದ್ದು! ಅಜ್ಜಿಗೆ ನಿಜ ಹೇಳಲೇ? ಬಾಯಿ ತೆರೆದೆ. ಅಷ್ಟರಲ್ಲಿ ಬಸವರಾಜ ಬಗಲಿನ ಚೀಲ ಸರಿಮಾಡಿಕೊಂಡ. ಚೀಲದಿಂದ ನೀಲಿ ಬಣ್ಣದ ಮೂಲೆಯೊಂದು ಇಣುಕಿತು.

"ಹಾಂಜಿ, ಕುತ್ತೋಂ ಕೇ ಲಿಯೇ ಹೀ ಹೈ!" ಅಂದುಬಿಟ್ಟೆ.

ಅಜ್ಜಿ ಇಡೀ ಟ್ರೇ ಕೊಂಡರು. ವ್ಯಾಪಾರ! ನಾನು ಬಸವರಾಜನ ಕಡೆ ನೋಡಿ ಎದೆ ಉಬ್ಬಿಸಿದೆ. ಅಜ್ಜಿ ಕೂಗಿದೊಡನೆ ಗಲ್ಲಿಯ ನಾಯಿಗಳೆಲ್ಲ ಓಡಿ ಬಂದವು. ಅವುಗಳ ಮುಖಂಡ ಕಾಲ್ಯಾ, ಚಪ್ಪಲಿಯನ್ನೂ ಬಿಡದವನು, ಮುಂದೆ ಬಂದು ನನ್ನ ಹಾಟ್ ಡಾಗಿಗೆ ಮೂಗು ತಾಗಿಸಿದ.

"ಮೂಸಿತು! ಶಾಂತಾ, ನೋಡು, ಮೂಸಿತು!" ಅಂತ ಕುಣಿದೆ.

ಕಾಲ್ಯಾ ಸೀನಿದ. ಸಾಸಿವೆ ಇಂಗಿನ ಘಾಟು! ಮತ್ತೊಮ್ಮೆ ಸೀನಿದ. ನನ್ನ ಕಡೆ ಒಂದು ಸಲ ನೋಡಿ, ನೇರವಾಗಿ ನಡೆದು ಶೆಟ್ಟರ ಹೋಟೆಲಿನ ಮುಂದೆ ಹೋಗಿ ಕುಳಿತ. ಉಳಿದ ನಾಯಿಗಳು ಮೂಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಅಜ್ಜಿ ಟ್ರೇ ವಾಪಸ್ ಇಟ್ಟು, "ಭಾಯಿ, ಯೇ ತೋ ಕುತ್ತೇ ಭೀ ನಹೀಂ ಖಾತೇ," ಎಂದು ನಾಯಿಯೂ ತಿನ್ನದ ತಿಂಡಿಗೆ ಕೊಟ್ಟ ಹಣವನ್ನು ಬಹಳ ಮರ್ಯಾದೆಯಿಂದ ಹಿಂದಕ್ಕೆ ಕೇಳಿ ಪಡೆದರು. ನನಗೆ ನಿಜಕ್ಕೂ ಅಳು ಬಂತು. ಬಸವರಾಜ ಚೀಲದಿಂದ ಕುಶನ್ ತೆಗೆದು, ಧೂಳು ಕೊಡವಿ, "ನಾಳೆ ಹತ್ತಕ್ಕ ಬಂದ್ರ ಸಾಕ್ರೀ ಮಾಮಾ," ಅಂದ.

ಶಾಂತಾ ನನ್ನನ್ನು ಬಯ್ಯಲಿಲ್ಲ. ರಾಶಿ ಬಿದ್ದ ಬನ್ನುಗಳನ್ನು ನೋಡಿ, "ಅನ್ನ ಕೆಡಸಬಾರ್ದು," ಅಂದವಳು ಮೇಲೆ ಹೋದಳು. ಇಳಿಯುವಾಗ ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಕಲಸಿದ ಕಡಲೆಹಿಟ್ಟು, ಸೆರಗಿನಲ್ಲಿ ಉದ್ದನೆಯ ಹಸಿಮೆಣಸಿನಕಾಯಿ. ನಮ್ಮ ಕಡೆ ಸಂಜೆ ಚಹಾದ ಜೊತೆ ಮಾಡುವ ಮಿರ್ಚಿ! ಗಾಡಿಯ ಒಲೆಯ ಮೇಲೇ ಕರಿದು ಬನ್ನಿನಲ್ಲಿ ಇಟ್ಟಳು. ಅಳತೆ ತೆಗೆದು ಮಾಡಿದ ಹಾಗೆ ಮಿರ್ಚಿ ನೆಟ್ಟಗೆ ಮಲಗಿತು. ಬಾಲ ಹೊರಗೆ ಬರಲೇ ಇಲ್ಲ!

ಬಸವರಾಜ ಒಂದು ತಿಂದ, ಇನ್ನೊಂದಕ್ಕೆ ಕೈ ಚಾಚಿದ. ಶೆಟ್ಟರು ಗಲ್ಲಾ ಬಿಟ್ಟು ಬಂದರು. "ಇದು ಲಾಯ್ಕುಂಟು ಅಕ್ಕ!" ಅಂದರು. ಕರಿದ ವಾಸನೆಗೆ ಗಲ್ಲಿಯೇ ಕೂಡಿತು. ಅಜ್ಜಿಯೂ ಒಂದು ಕೊಂಡರು, ಈ ಸಲ ತಮಗೇ. ದೀಪ ಹಚ್ಚುವ ಹೊತ್ತಿಗೆ ಒಂದು ಬನ್ನೂ ಉಳಿಯಲಿಲ್ಲ.

ಒಪ್ಪಂದದ ಪ್ರಕಾರ ಗೆದ್ದವನು ನಾನೇ. ಗಾಡಿ ನಡೆಯಿತು, ಬಸವರಾಜನ ಅಂಗಡಿ ತಪ್ಪಿತು. ಆದರೆ ಗೆದ್ದವನ ಪರಿಸ್ಥಿತಿ ಹೀಗೇಕಿದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಬಾಣಲೆಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ನೀಲಿ ಕುಶನ್, ಕುಶನ್ನಿನ ಮೇಲೆ ಶಾಂತಾ. ಕೊಡೆಯ ನೆರಳು ಅಷ್ಟಕ್ಕೇ ಮುಗಿಯುತ್ತದೆ. ನಾನು ಆಚೆ ಬಿಸಿಲಿನಲ್ಲಿ ನಿಂತು ಗಿರಾಕಿಗಳನ್ನು ಕೂಗುತ್ತೇನೆ, ತಿಂದು ಬಿಟ್ಟ ಎಲೆ ಎತ್ತುತ್ತೇನೆ, ನಾಯಿ ಓಡಿಸುತ್ತೇನೆ. ಬೋರ್ಡ್ ಮಾತ್ರ ಹಳೆಯದೇ.

ಮೊನ್ನೆ ವಿಜಯಪುರದ ಕಡೆಯವರೊಬ್ಬರು ಬಂದು, ಬೋರ್ಡ್ ನೋಡಿ, ಬಾಣಲೆ ನೋಡಿ, "ಬರೇ ಮಿರ್ಚಿ ಐತಲ್ರೀ ಅಕ್ಕಾರ, ಹಾಟ್ ಡಾಗ್ ಎಲ್ಲೈತ್ರಿ?" ಅಂತ ಕೇಳಿದರು.

ಶಾಂತಾ ತಲೆ ಎತ್ತದೆ, ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿಯನ್ನು ನನ್ನ ಕಡೆ ತೋರಿಸಿದಳು. "ಅಕಾ, ಅಲ್ಲಿ ಬಿಸಲಾಗ ಗಾಡಿ ಕಾಯಕೋತ ನಿಂತಾರ ನೋಡ್ರಿ."

ಕಾಲ್ಯಾ ಎದ್ದು ಬಂದು ನನ್ನನ್ನು ಒಮ್ಮೆ ಮೂಸಿ, ಸೀನಿ, ಹೊರಟುಹೋದ.