ಕ್ರಿಸಾಂತೊ ಮೇಷ್ಟ್ರ ಲೈವ್ ಪಾಠ

ಹುಡುಗರೇ ಬಾರದ ಕ್ಲಾಸಿಗೆ ಮೇಷ್ಟ್ರು ಯಾಕೆ? ಇಲೊಯಿಲೊ ಪಟ್ಟಣದ ಕಾಲೇಜಿನ ಡೀನ್ ಮೇಡಂ ಕಾರಿದಾದ್ ಹೀಗೆ ಕೇಳಿದಾಗ ಅರ್ಥಶಾಸ್ತ್ರದ ಕ್ರಿಸಾಂತೊ ಮೇಷ್ಟ್ರು ತಬ್ಬಿಬ್ಬಾದರು. ಶನಿವಾರದ ಪಾಠಕ್ಕೂ ಯಾರೂ ಬಾರದಿದ್ದರೆ ಅವರ ವಿಷಯವನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು.

ಮನೆ ಸೇರುವಷ್ಟರಲ್ಲಿ ಮೇಷ್ಟ್ರಿಗೆ ಭಲೇ ಉಪಾಯ ಹೊಳೆಯಿತು. ಹುಡುಗರು ಹೇಗೂ ಫೇಸ್‌ಬುಕ್ಕಿನಲ್ಲೇ ಬಿದ್ದಿರುತ್ತಾರೆ. ಪಾಠವೇ ಅಲ್ಲಿಗೆ ದಯಮಾಡಿಸಲಿ!

"ಫ್ಲೋರಾ, ಶನಿವಾರ ಕಾಲೇಜಿನ ಪುಟದಲ್ಲಿ ನಾನೂ ಲೈವ್ ಬರ್ತೀನಿ ಕಣೇ!"

ಹೆಂಡತಿ ಫ್ಲೋರಾಳಿಗೆ ಲೈವ್ ಹೊಸದಲ್ಲ. ದಿನಾ ಫೋನಿನ ಮುಂದೆ ಹಳೇ ಬಟ್ಟೆ, ಪಾತ್ರೆ ಎತ್ತಿ ಹಿಡಿದು ಬೆಲೆ ಕೂಗುತ್ತಾಳೆ; ಮೊದಲು 'ಮೈನ್', ಅಂದರೆ 'ನಂದು', ಎಂದು ಬರೆದವರಿಗೆ ಮಾಲು. (ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ವಾಕಿಂಗ್ ಹೊರಡುತ್ತಿದ್ದರು. ಪಂಡಿತರು ಇಂಥದ್ದನ್ನೆಲ್ಲ ನೋಡಬಾರದಲ್ಲ!)

"ಒಂದ್ಸಲ ನನ್ನ ಪಕ್ಕ ಕೂತು ಕಲೀರಿ," ಎಂದಳು ಫ್ಲೋರಾ.

"ಸಂತೆ ವ್ಯಾಪಾರ ನೋಡಿ ನಾನು ಪಾಠ ಮಾಡೋದು ಕಲೀಬೇಕಾ?"

"ಹಾಗಾದ್ರೆ ನಿಮ್ಮ ಪಾಡು ನಿಮಗೆ. ನನ್ನ ಫೋನ್ ಮಾತ್ರ ಮುಟ್ಬೇಡಿ."

ಶನಿವಾರ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಕೂತರೆ, ಅವರ ಫೋನು ಕೈಕೊಟ್ಟಿತು. ಫ್ಲೋರಾ ಮಾರ್ಕೆಟ್ಟಿಗೆ ಹೋಗಿದ್ದಳು. ಅವಳ ಫೋನು ಚಾರ್ಜಿಗಿತ್ತು. ಫೋನು ಯಾರದಾದರೇನು, ಪಾಠ ನನ್ನದು ತಾನೇ ಎಂದು ಮೇಷ್ಟ್ರು ಒತ್ತಿಯೇಬಿಟ್ಟರು. ಅವಳ ಅಂಗಡಿಯ ಪುಟದಲ್ಲೇ ಲೈವ್ ಶುರುವಾದದ್ದು ಅವರ ಗಮನಕ್ಕೇ ಬರಲಿಲ್ಲ.

"ಬೆಲೆ ಇಳಿದರೆ ಬೇಡಿಕೆ ಏರತ್ತೆ! ಈ ಕರೆಂಟ್ ಕುಕ್ಕರ್ ಐನೂರು ಪೇಸೊ ಅನ್ನಿ. ಯಾರಿಗೆ ಬೇಕು?"

ಒಬ್ಬರು 'ಮೈನ್' ಎಂದರು.

"ಐವತ್ತು ಅಂದ್ರೆ?"

ಮೈನ್! ಮೈನ್! ಮೈನ್! ಮೇಷ್ಟ್ರು ರೋಮಾಂಚನಗೊಂಡರು. ಕ್ಲಾಸಿಗೇ ಬಾರದ ಹುಡುಗರು ಇವರೇ ಏನು! ಫ್ಯಾನು ತಂದರು, ಕುರ್ಚಿ ತಂದರು, ಉಮೇದಿನಲ್ಲಿ ತಮ್ಮ ಪಂಚಪ್ರಾಣವಾದ ಕರೋಕೆ ಪೆಟ್ಟಿಗೆಯನ್ನೂ ಮೈಕ್ ಸಮೇತ ಹೊತ್ತು ತಂದರು.

"ಇದು ಬರೀ ಮೂವತ್ತು ಪೇಸೊ ಅಂದ್ರೆ?"

ಪರದೆ ತುಂಬ ಮೈನ್‌ಗಳ ಸುರಿಮಳೆ.

ಫ್ಲೋರಾ ತರಕಾರಿ ಚೀಲ ಹಿಡಿದು ಬಂದಾಗ ಗೇಟಿನ ಮುಂದೆ ಜನವೋ ಜನ. "ಕುಕ್ಕರ್ ನಂದು!" "ಫ್ಯಾನ್ ಕೊಡಿ ಅಕ್ಕಾ!"

ವಿಷಯ ತಿಳಿದ ಮೇಷ್ಟ್ರು ಗೇಟಿಗೆ ಅಡ್ಡ ನಿಂತರು. "ಅದು ಉದಾಹರಣೆ ಕಣೇ!"

"ಮೈನ್ ಅಂದ ಮೇಲೆ ಕೊಡ್ಲೇಬೇಕು ಕಣ್ರೀ. ನನ್ನ ಅಂಗಡಿ ಹೆಸರು ಕೆಡಿಸ್ತೀರಾ?"

ಅತ್ತ ಕಾಲೇಜಿನ ಪುಟದಲ್ಲಿ ಹುಡುಗರು ಬರೆದಿದ್ದರು: 'ಸರ್, ಕಾದು ಕಾದು ಸಾಕಾಯ್ತು. ಸಿನಿಮಾಗೆ ಹೋಗ್ತಿದೀವಿ.'

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಸಾಕ್ಷಾತ್ ಡೀನ್ ಮೇಡಂ ಬಂದರು.

"ಮೇಷ್ಟ್ರೇ, ನಿಮ್ಮ ಪಾಠ ಕೊನೇತನಕ ನೋಡ್ದೆ. ಅರ್ಥಶಾಸ್ತ್ರ ನನ್ನ ತಲೆಗೆ ಹತ್ತಿದ್ದು ಇವತ್ತೇ! ನಿಮ್ಮ ವಿಷಯ ಮುಚ್ಚೋದಿಲ್ಲ."

ಮೇಷ್ಟ್ರು ಕುಣಿದಾಡುವುದೊಂದು ಬಾಕಿ. "ಥ್ಯಾಂಕ್ಸ್ ಮೇಡಂ! ಆದ್ರೆ ನೀವು ಹೇಗೆ ಆ ಪುಟಕ್ಕೆ..."

"ನಾನು ಫ್ಲೋರಾಳ ಕಾಯಂ ಗಿರಾಕಿ ಅಲ್ವಾ? ಮುಂದಿನ ವಾರದಿಂದ ಪಾಠ ಅವಳೇ ಮಾಡ್ಲಿ. ನೀವು ಪಕ್ಕದಲ್ಲಿ ನಿಂತು ಸಾಮಾನು ಎತ್ತಿ ಹಿಡೀರಿ." ಮೇಡಂ ಪರ್ಸು ತೆಗೆದರು. "ತಗೊಳ್ಳಿ ಮೂವತ್ತು ಪೇಸೊ. ಎಲ್ಲಿ ನನ್ನ ಕರೋಕೆ?"

ಸಂಜೆ ಹಿಂದಿನ ಬೀದಿಯಿಂದ ಡೀನ್ ಮೇಡಂ ಕಂಠ ಮೊಳಗಿತು. ಮೇಷ್ಟ್ರ ಮೆಚ್ಚಿನ ಹಾಡು, ಮೇಷ್ಟ್ರದೇ ಮೈಕು. ಕುರ್ಚಿಯೂ ಹೋಗಿದ್ದರಿಂದ ಅವರು ನೆಲದ ಮೇಲೆ ಕೂತು ಕೇಳಿದರು.

"ಚಕ್ಕಳಮಕ್ಕಳ ಹಾಕಿದ್ದು ಸಾಕು, ಏಳಿ," ಎಂದಳು ಫ್ಲೋರಾ. "ಕುಕ್ಕರ್ ಮಾರಿದೋರೇ ಒಲೆ ಹಚ್ಚಿ ಅನ್ನ ಮಾಡ್ಬೇಕು."