ನಮ್ಮ ಬೀಗರ ಶಾರ್ಟ್‌ಕಟ್ಟುಗಳು

ನಮ್ಮ ಬೀಗರಷ್ಟು ಬೇಗ ಕೆಲಸ ಮಾಡುವವರನ್ನು ನಾನು ಕಂಡಿಲ್ಲ. ಎಷ್ಟು ಬೇಗ ಅಂದರೆ, ಕಂಪ್ಯೂಟರಿನಲ್ಲಿ ಹಾಡು ಮಾಡಲು ಕೂತು ಮೂರು ವರ್ಷವಾಗಿತ್ತು, ಒಂದೂ ಮುಗಿದಿರಲಿಲ್ಲ. ಬೇಗ ಮಾಡಬೇಕೆಂದರೆ ತಯಾರಿಗೆ ಹೊತ್ತು ಬೇಡವೇ?

ಬೀಗರೆಂದರೆ ನನ್ನ ಮಗಳ ಮಾವ. ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರಾಗಿ ರಿಟೈರಾದವರು. ಮಗಳು, ಅಳಿಯ ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಮೊಮ್ಮಗಳನ್ನು ನೋಡಿಕೊಳ್ಳಲು ಮಿಯಾಪುರದ ಫ್ಲಾಟಿನಲ್ಲಿ ನಾವಿಬ್ಬರು ಮುದುಕರು. ಆಗ ಹೈದರಾಬಾದಿನಲ್ಲಿ ಬಸ್ ಸ್ಟಾಪಿನ ಕಂಬಕ್ಕೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ಕಟ್ಟುತ್ತಿದ್ದರು. "ಎಲ್ಲಾರ ಹತ್ರ ಸಾಫ್ಟ್‌ವೇರ್ ಐತಿ, ನನ್ನ ಹತ್ರಾನೂ ಒಂದಿರಲಿ" ಎಂದು ಬೀಗರೂ ಒಂದು ಕ್ಲಾಸಿಗೆ ಸೇರಿಕೊಂಡರು. ಹಾರ್ಮೋನಿಯಂ ಪೇಟಿ ನುಡಿಸಲು ಮೊದಲಿನಿಂದ ಬರುತ್ತಿತ್ತು. ಹಾಡು ತಯಾರಿಸುವ ಸಾಫ್ಟ್‌ವೇರ್ ಹಿಡಿದರು.

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಅವರ ಪಾಠ ಕೇಳಿ ಕೇಳಿ ಈಗ ನಾನೇ ಕ್ಲಾಸು ತೆಗೆಯಬಹುದು. ಕಂಪ್ಯೂಟರಿಗೆ ತುಂಬಿದ ಪ್ರತಿಯೊಂದಕ್ಕೂ ಅವತ್ತೇ ಹೆಸರಿಡಬೇಕು. ಹೆಸರಿಲ್ಲದ್ದು ಲೇಬಲ್ಲಿಲ್ಲದ ಬಾಟಲಿಯ ಹಾಗೆ, ಯಾರ ಹೊಟ್ಟೆಗೆ ಏನು ಹೋಗುತ್ತದೋ ಹೇಳಲಾಗದು. ಆಮೇಲೆ ಬಣ್ಣ. ಪೇಟಿಗೆ ಹಸಿರು, ತಬಲಾಕ್ಕೆ ಕೆಂಪು ಬಳಿದಿಟ್ಟರೆ ಹುಡುಕುವ ಹೊತ್ತು ಉಳಿಯುತ್ತದೆ. ಉಳಿದ ಹೊತ್ತಿನಲ್ಲಿ ಬೀಗರು ಬಣ್ಣ ಬದಲಿಸುತ್ತಿದ್ದರು.

ಎಲ್ಲಕ್ಕಿಂತ ಮುಖ್ಯ, ಒಂದು ಖಾಲಿ ಅಚ್ಚು ಮಾಡಿಟ್ಟುಕೊಳ್ಳುವುದು. ವಾದ್ಯಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿರಬೇಕು, ಹಾಡು ಬಂದ ತಕ್ಷಣ ಶುರು. ಮೂರನೇ ವರ್ಷ ನನಗೆ ತಡೆಯಲಾಗಲಿಲ್ಲ. "ತವಾ ಕಾಯಾಕಿಟ್ಟು ಮೂರು ವರ್ಷ ಆತ್ರಿ ಬೀಗರ. ರೊಟ್ಟಿ ಯಾವಾಗ ಬಡೀತೀರಿ?"

"ತವಾ ಸರಿ ಕಾದಿರಬೇಕಲ್ರಿ ಬೀಗತೇರ," ಎಂದು ಅವರು ತಲೆ ಎತ್ತದೆ ಹೇಳಿದರು.

ಕರೆಂಟಿನ ಮೇಲಂತೂ ಅವರಿಗೆ ನಂಬಿಕೆಯೇ ಇಲ್ಲ. ಗಳಿಗೆಗೊಮ್ಮೆ ಎರಡು ಗುಂಡಿ ಒತ್ತಿ, ಮಾಡಿದ್ದನ್ನು ಉಳಿಸುತ್ತಿದ್ದರು. ಊಟಕ್ಕೆ ಕೂತಾಗಲೂ ಎಡಗೈಯ ಎರಡು ಬೆರಳು ತಟ್ಟೆಯ ಅಂಚನ್ನು ಒತ್ತುತ್ತಿದ್ದವು. ತಿಂದದ್ದೂ ಉಳಿಯಲಿ ಎಂದಿರಬೇಕು!

ಹೀಗಿರುವಾಗ ನನ್ನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಗಬೇಕು, ದನಿಯ ನರ ಪಕ್ಕದಲ್ಲೇ ಇದೆ, ದನಿ ಉಳಿಯಬಹುದು, ಉಳಿಯದೆಯೂ ಇರಬಹುದು ಎಂದರು ಡಾಕ್ಟರು. ನನಗೇನೂ ಅನ್ನಿಸಲಿಲ್ಲ. ಅರವತ್ತು ದಾಟಿತ್ತು, ಬೈಯಬೇಕಾದವರನ್ನೆಲ್ಲ ಬೈದಾಗಿತ್ತು. ಆದರೆ ಮೊಮ್ಮಗಳು ನನ್ನ ಜೋಗುಳವಿಲ್ಲದೆ ಕಣ್ಣು ಮುಚ್ಚುವವಳಲ್ಲ. ಅದು ನನ್ನ ಅವ್ವ ಹಾಡುತ್ತಿದ್ದ ಪದ. ಮಗಳಿಗೆ ಬರುವುದಿಲ್ಲ, ನಾನೂ ಕಲಿಸಿರಲಿಲ್ಲ. ಮಗಳು ಅಡುಗೆಮನೆಯಲ್ಲಿ ನಿಂತು ಅತ್ತಳು. ಬೀಗರು, ಇನ್ನೂ ಹತ್ತು ದಿನ ಇದೆ, ರೆಕಾರ್ಡ್ ಮಾಡಿಬಿಡೋಣ ಎಂದರು.

ಟೇಪ್ ರೆಕಾರ್ಡರಿನಲ್ಲಿ ಈಗಲೇ ಹಿಡಿದುಬಿಡಿ ಎಂದೆ. ನಾಟಿ ವೈದ್ಯರ ಹೆಸರು ಕೇಳಿದ ಕಂಪೌಂಡರಂತೆ ನೋಡಿದರು. ಅವರ ಪದ್ಧತಿಯಲ್ಲಿ ವಾದ್ಯ ಮೊದಲು, ದನಿ ಕೊನೆಗೆ. ನನ್ನ ಏರು ದನಿಗೆ ಸರಿಯಾಗಿ ಪೇಟಿ ನುಡಿಸಿದರು, ತಬಲಾ ಕೂಡಿಸಿದರು, ಹೆಸರಿಟ್ಟರು, ಬಣ್ಣ ಬಳಿದರು. ಒಂಬತ್ತನೇ ದಿನ ಎಲ್ಲ ಮುಗಿಯಿತು. ನಾಳೆ ಬೆಳಿಗ್ಗೆ ನೀವು ಹಾಡಿದರೆ ಆಯಿತು ಎಂದರು. ಅವತ್ತೇ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು: ಹಾಸಿಗೆ ಖಾಲಿಯಾಗಿದೆ, ಈಗಲೇ ಸೇರಿಸಿ.

ಆಟೋದಲ್ಲಿ ಬೀಗರೂ ಜೊತೆಗೆ ಬಂದರು. ಆಸ್ಪತ್ರೆಯ ಬಾಗಿಲಲ್ಲಿ, "ನನ್ನ ತಪ್ಪಾತ್ರಿ," ಎಂದರು.

"ತಯಾರಿ ಎಲ್ಲಾ ಐತಿ, ಹಾಡೊಂದಿಲ್ಲ ನೋಡ್ರಿ," ಎಂದು ಒಳಗೆ ಹೋದೆ. ಅಷ್ಟು ಹೇಳಬಾರದಿತ್ತು. ಹೇಳಿದೆ.

ದನಿ ಉಳಿಯಿತು. ಆದರೆ ನನ್ನದಲ್ಲ. ದಪ್ಪಗೆ, ತಗ್ಗಿನಲ್ಲಿ, ಗೋಧಿ ಚೀಲ ಎಳೆದ ಹಾಗೆ. ಎರಡು ತಿಂಗಳು ಬಿಟ್ಟು ಮೈಕಿನ ಮುಂದೆ ಕೂತೆ. ಕಂಪ್ಯೂಟರಿನ ಪೇಟಿ ಮೇಲೆ ಹೋಯಿತು, ನಾನು ಮೂರನೇ ಮಾತಿಗೇ ದನಿ ಮುರಿದು ನಿಂತೆ. ಅದೇನು ದೊಡ್ಡದು, ದನಿ ಏರಿಸುವ ಗುಂಡಿ ಇದೆಯಲ್ಲ ಎಂದ ಅಳಿಯ. ಆ ಗುಂಡಿ ಎಲ್ಲಿದೆಯೆಂದು ನಿದ್ದೆಯಲ್ಲೂ ತೋರಿಸಬಲ್ಲ ಬೀಗರು, "ಬ್ಯಾಡ. ಅದು ಅವರ ದನಿ ಆಗಂಗಿಲ್ಲ," ಎಂದರು.

ಒಂಬತ್ತು ದಿನ ಕೂತು ಮಾಡಿದ್ದನ್ನೆಲ್ಲ ಅಳಿಸಿದರು. ಮಂಚದ ಕೆಳಗಿನಿಂದ ಪೇಟಿ ಎಳೆದು ನನ್ನ ಎದುರು ನೆಲದ ಮೇಲೆ ಕೂತರು.

"ಹೆಂಗ ಬರತೈತಿ ಹಂಗ ಹಾಡ್ರಿ. ನಾ ಅಲ್ಲಿಗೆ ಬರ್ತೀನಿ."

ಹಾಡಿದೆ. ಅವರ ಬೆರಳು ಪೇಟಿಯ ಮನೆ ಮನೆ ತಡಕುತ್ತ ಕೆಳಗೆ ಇಳಿಯಿತು. ನಾನು ಉಸಿರಿಗೆ ನಿಂತಲ್ಲಿ ನಿಂತಿತು, ದನಿ ಒಡೆದಲ್ಲಿ ಕಾಯಿತು. ಮಂಚದ ಮೇಲಿದ್ದ ಮೊಮ್ಮಗಳು ಎರಡನೇ ನುಡಿಗೇ ಮಲಗಿದಳು. ನಾವು ನಿಲ್ಲಿಸಲಿಲ್ಲ.