ಹಳೆಯ ಫ್ಲ್ಯಾಟಿನಲ್ಲಿ ನಾನು ಕಂಡ ಹುಳುಕುಗಳು

ಏನನ್ನು ತೋರಿಸಿದರೂ ಮೊದಲು ಅದರ ಹುಳುಕೇ ಕಣ್ಣಿಗೆ ಬೀಳುವ ಜಾತಿಯ ಮನುಷ್ಯ ನಾನು. ಬದನೆಕಾಯಿ ಆರಿಸುವಾಗ ಇದು ಒಳ್ಳೆಯ ಗುಣ. ಬದುಕಿನ ಉಳಿದ ವ್ಯವಹಾರಗಳಲ್ಲಿ ಇದರಿಂದ ನನಗೆ ಏನು ಲಾಭವಾಯಿತೆಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ದೈವ ನೋಡಿ, ನೌಕರಿಯೂ ಅಂಥದ್ದೇ ಸಿಕ್ಕಿತು. ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ, ಜನ ಕೊಟ್ಟ ಅರ್ಜಿಗಳಲ್ಲಿ ತಪ್ಪು ಹುಡುಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದು, ತಂದವರ ಕೈಗೇ ಮರಳಿಸುವುದು ನನ್ನ ಕೆಲಸ. ಹೆಣ್ಣು ನೋಡಲು ಹೋದ ದಿನ, ಚಹಾದ ಬಶಿಯ ಅಂಚು ಒಡೆದಿದೆ ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದೆ. ಆ ಬಶಿ ತಂದುಕೊಟ್ಟವಳೇ ಈಗ ನನ್ನ ಹೆಂಡತಿ, ಸುಶೀಲಾ. ಇಪ್ಪತ್ತಾರು ವರ್ಷವಾಯಿತು. ನಿಮ್ಮ ಮದುವೆ ಹೇಗೆ ಕೂಡಿಬಂತು ಎಂದು ಯಾರು ಕೇಳಿದರೂ ಅವಳು ಬಶಿಯಿಂದಲೇ ಸುರು ಮಾಡುತ್ತಾಳೆ.

ನಾವಿದ್ದದ್ದು ಖಾನಾಪುರದಲ್ಲಿ, ಬಾಡಿಗೆ ಮನೆಯಲ್ಲಿ. ನಾನು ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಬರುತ್ತಿದ್ದೆ. ಮಕ್ಕಳಿಲ್ಲ. ಹಾಗಾಗಿ ನಿಮಗೆ ಮನೆ ಬದಲಿಸುವುದು ಸುಲಭ ಎಂದು ಜನ ಹೇಳುತ್ತಿದ್ದರು. ಸುಲಭವೇ ಇರಬೇಕು, ಹತ್ತು ಸಲ ಬದಲಿಸಿದ್ದೆವು. ಒಬ್ಬ ಮಾಲಕನಿಗೆ ಅಂಗಡಿ ಹಾಕಬೇಕಾಗಿತ್ತು, ಇನ್ನೊಬ್ಬನ ತಂಗಿ ಗಂಡನನ್ನು ಬಿಟ್ಟು ಬಂದಳು, ಮತ್ತೊಬ್ಬನಿಗೆ ಕಾರಣವೇ ಇರಲಿಲ್ಲ. ಹನ್ನೊಂದನೆಯ ಮನೆಯ ಮಾಲಕ ಸಿಹಿ ಪೊಟ್ಟಣ ಹಿಡಿದು ಬಂದು, ಮಗನ ಮದುವೆ ನಿಶ್ಚಯವಾಗಿದೆ, ಹೊಸ ಜೋಡಿಗೆ ಈ ಮನೆ ಬೇಕು ಎಂದ. ಅವನು ಹೋದ ಮೇಲೆ ಸುಶೀಲಾ ಅಳಲಿಲ್ಲ. ಪೊಟ್ಟಣವನ್ನು ಬಿಚ್ಚದೆ ಕಟ್ಟೆಯ ಮೇಲಿಟ್ಟು ಹೊಸ್ತಿಲ ಮೇಲೆ ಕುಳಿತಳು.

“ಇನ್ನ ಯಾರೂ ಬಿಡ್ರಿ ಅನ್ನದಂಥಾ ಮನಿ ಒಂದು ನೋಡ್ರಿ. ಸಣ್ಣದಿದ್ರೂ ನಡೀತೈತಿ, ಹಳೇದಿದ್ರೂ ನಡೀತೈತಿ.”

ತವರಿನ ಹೊಲ ಮಾರಿದಾಗ ಅಣ್ಣಂದಿರು ಅವಳ ಪಾಲನ್ನು ತಕರಾರಿಲ್ಲದೆ ಕೊಟ್ಟಿದ್ದರು. ಅದು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಅಷ್ಟು ದುಡ್ಡು ಹಿಡಿದು ಮನೆ ನೋಡಲು ಹೊರಟೆವು. ಬೆಳಗಾವಿಯ ಸದಾಶಿವನಗರದಲ್ಲಿ ನಾವು ಹೇಳಿದ ಮೊತ್ತ ಕೇಳಿ ಏಜಂಟ್ ನಕ್ಕ. ರಾಮತೀರ್ಥ ನಗರದವನು ನಗಲೂ ಇಲ್ಲ. ಕೊನೆಗೆ ನಮ್ಮ ಯೋಗ್ಯತೆಗೆ ತಕ್ಕದ್ದು ಸಿಕ್ಕಿದ್ದು ವಡಗಾವಿಯ ಒಂದು ಓಣಿಯಲ್ಲಿ. ಹದಿನೆಂಟು ವರ್ಷದ ಹಿಂದೆ ಕಟ್ಟಿದ ಮೂರಂತಸ್ತಿನ ಕಟ್ಟಡ, ಅದರ ತುದಿಯಲ್ಲಿ ಎರಡು ಕೋಣೆ ಮತ್ತು ಅಡಿಗೆಮನೆಯ ಫ್ಲ್ಯಾಟು.

ಮೊದಲ ಸಲ ಹೋದಾಗ ಆಷಾಢದ ಮಳೆ. ಓಣಿಯ ಎರಡೂ ಬದಿಯಲ್ಲಿ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದವು. ಬಾಗಿಲು ತೆರೆದವರು ಇಂದೂಬಾಯಿ, ಮನೆಯ ಒಡತಿ. ಅರವತ್ತು ದಾಟಿದ ಹೆಂಗಸು, ಸಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆ ಮಾರಿ ಖಾನಾಪುರದ ತಂಗಿಯ ಮನೆಗೆ ಹೋಗುವವರಿದ್ದರು. ನಾವು ಬರುವುದು ಖಾನಾಪುರದಿಂದ, ಅವರು ಹೋಗುವುದು ಖಾನಾಪುರಕ್ಕೆ. ಸುಶೀಲಾಳಿಗೆ ಇದು ಶುಭಶಕುನವಾಗಿ ಕಂಡಿತು. ನನಗೆ ಮಾತ್ರ, ಇವರು ಯಾಕೆ ಓಡಿಹೋಗುತ್ತಿದ್ದಾರೆ ಎಂಬ ಸಂಶಯ ಬಂತು.

ಮನೆ ಮಾರುವವರಿಗೆ ಇರಬೇಕಾದ ಒಂದು ಗುಣವೂ ಇಂದೂಬಾಯಿಗೆ ಇರಲಿಲ್ಲ. ನಾನು ಹುಡುಕುವ ಮೊದಲೇ ಹುಳುಕು ಹೇಳಿಬಿಡುತ್ತಿದ್ದರು. “ಇಲ್ಲಿ ಸೋರ್ತದರೀ. ಬಕೀಟ ಇಟ್ರ ಸಾಕು. ನಳ ಮೂರು ದಿನಕ್ಕೊಮ್ಮೆ ಬರ್ತದ. ಈ ಕಿಡಕಿ ಮುಚ್ಚೂದಿಲ್ಲ, ಅದು ಮುಚ್ಚಿದ್ರ ತೆಗೆಯೂದಿಲ್ಲ.” ನಾನು ಓವರ್‌ಸಿಯರನ ಗತ್ತಿನಲ್ಲಿ ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದರೆ, “ಹಗೂರಕ ಬಡೀರಿ, ಆ ಬಾಜು ಮನ್ಯಾಗ ಕೂಸು ಮಲಗೇದ” ಎಂದರು. ಗೋಡೆಯ ಸದ್ದಿನಿಂದ ನನಗೇನೂ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಂಡೆ. ಸುಶೀಲಾ ಅಷ್ಟರಲ್ಲಿ ಅಡಿಗೆಮನೆಗೆ ಹೋಗಿ ಕಿಟಕಿಯ ಮುಂದೆ ನಿಂತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ಎದುರಿನ ತಗಡಿನ ಮಾಡು, ಅದರ ಮೇಲೆ ಒಣಹಾಕಿ ಮರೆತ ಒಂದು ಹಸಿರು ಸೀರೆ, ಮಳೆ. ಅಷ್ಟನ್ನು ಅವಳು ಬಹಳ ಹೊತ್ತು ನೋಡಿದಳು.

“ಹ್ಯಾಂಗ ಅನಿಸ್ತು?” ಎಂದು ಬಸ್ಸಿನಲ್ಲಿ ಕೇಳಿದಳು.

“ನೋಡೂಣು” ಎಂದೆ.

ನೋಡಲು ಇನ್ನೊಮ್ಮೆ ಹೋದೆವು, ಮಗದೊಮ್ಮೆ ಹೋದೆವು. ಇಂದೂಬಾಯಿ ಪ್ರತಿ ಸಲ ಚಹಾ ಮಾಡಿದರು. ಹೆಂಗಸರಿಬ್ಬರೂ ಅಕ್ಕಾರ, ತಂಗಿ ಎಂದು ಕರೆದುಕೊಳ್ಳುವಷ್ಟು ಹತ್ತಿರವಾದರು. ನನ್ನ ಚೀಟಿ ಬೆಳೆದು ಎರಡು ಹಾಳೆಯಾಯಿತು. ಮೂರನೆಯ ಸಲ, ಪಡಸಾಲೆಯ ಮೂಲೆಯಲ್ಲಿ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಕಪ್ಪಗೆ ಗುಂಡಾದ ಒಂದು ಕಲೆ ಕಂಡಿತು. ಇಷ್ಟು ದಿನ ಅದು ನನ್ನ ಕಣ್ಣಿಗೆ ಬೀಳದೆ ಉಳಿದದ್ದೇ ಆಶ್ಚರ್ಯ.

“ಇದನ್ನ ನೀವು ಹೇಳಲೇ ಇಲ್ಲಲ್ರೀ” ಎಂದೆ, ಕಳ್ಳನನ್ನು ಹಿಡಿದವನ ದನಿಯಲ್ಲಿ. “ಎಂಥಾ ಹಸಿ ಹಿಡದೈತಿ ನೋಡ್ರಿ. ಒಳಗ ಪೈಪ್ ಒಡದಿರಬೇಕು.”

ಇಂದೂಬಾಯಿ ಚಹಾದ ಕಪ್ಪು ಕೆಳಗಿಟ್ಟರು. “ಅದು ಹಸಿ ಅಲ್ರೀ. ನಮ್ಮವರು ಎರಡು ವರ್ಷ ಆ ಕುರ್ಚಿ ಬಿಟ್ಟು ಎದ್ದಿಲ್ಲ. ಗ್ವಾಡಿಗೆ ತಲಿ ಇಟಗೊಂಡು ಕೂಡ್ತಿದ್ರು. ದಿನಾ ನಾನ ಎಣ್ಣಿ ಹಚ್ತಿದ್ದೆ. ಅದರ ಕಲಿ ಅದು.” ಕಪ್ಪನ್ನು ಮತ್ತೆ ಎತ್ತಿಕೊಂಡು, “ಸುಣ್ಣಾ ಹಚ್ಚಿದ್ರ ಹೋಗ್ತದ. ನನಗ ಹಚ್ಚಾಕ ಆಗಲಿಲ್ಲ” ಎಂದರು.

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಏನಾದರೂ ಹೇಳುತ್ತಾನೆ. ನಾನು ಚೀಟಿಯಲ್ಲಿ ‘ಹಸಿ’ ಎಂದು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಎಣ್ಣೆ’ ಎಂದು ತಿದ್ದಿದೆ. ಅದನ್ನು ಸುಶೀಲಾ ನೋಡಿದಳು. ಆ ದಿನ ಬಸ್ಸಿನಲ್ಲಿ ಖಾನಾಪುರದವರೆಗೂ ಅವಳು ಒಂದು ಮಾತೂ ಆಡಲಿಲ್ಲ. ಹೇಗನಿಸಿತು ಎಂದೂ ಕೇಳಲಿಲ್ಲ. ಕಿಟಕಿಯ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು. ಅವಳು ಪಟ್ಟು ಹಿಡಿಯುವುದನ್ನು ಬಿಟ್ಟಳು, ಇನ್ನು ಆರಾಮಾಗಿ ವಿಚಾರ ಮಾಡಬಹುದು ಎಂದು ನಾನು ಸಮಾಧಾನಪಟ್ಟೆ. ಹೆಂಡತಿಯ ಮೌನವನ್ನು ಹೀಗೆ ಓದಿದವನು ಇಪ್ಪತ್ತೆಂಟು ವರ್ಷ ಜನರ ಅರ್ಜಿಗಳನ್ನು ಹೇಗೆ ಓದಿರಬಹುದು, ನೀವೇ ಊಹಿಸಿ.

ಮುಂದಿನ ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ, ಪಟ್ಟಿಯನ್ನು ಚೊಕ್ಕಟವಾಗಿ ನಕಲು ಮಾಡಿಕೊಂಡು ನಾನೊಬ್ಬನೇ ವಡಗಾವಿಗೆ ಹೋದೆ. ಇಷ್ಟು ದೋಷ ತೋರಿಸಿದರೆ ದರ ಒಂದಿಷ್ಟು ಇಳಿದೀತು ಎಂಬ ಆಸೆ. ಕರೆಂಟು ಹೋಗಿತ್ತು, ಮಗ್ಗಗಳು ನಿಂತಿದ್ದವು, ಓಣಿಯೆಲ್ಲ ಸೂತಕದ ಮನೆಯಂತೆ ಸುಮ್ಮನಿತ್ತು. ಇಂದೂಬಾಯಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದರು.

“ಬರ್ರಿ, ಕುಂದರ್ರಿ” ಎಂದರು. “ಮನಿ ಬುಧವಾರನ ಕೊಟ್ಟುಬಿಟ್ಟೆ.”

ನನ್ನ ಎದೆ ಧಸಕ್ಕೆಂದಿತು. ಬೇಡದ ಮನೆ ಹೋಯಿತೆಂದು ಯಾಕೆ ಹಾಗಾಗಬೇಕು, ತಿಳಿಯದು. “ಯಾರಿಗ್ರೀ?”

ಇಂದೂಬಾಯಿ ಗಂಟು ಬಿಟ್ಟು ನನ್ನ ಮುಖ ನೋಡಿದರು. “ಸುಶೀಲಾ ನಿಮಗ ಹೇಳಿಲ್ಲೇನ್ರೀ? ಒಬ್ಬಾಕಿನ ಬಂದು ಸಂಚಕಾರದ ರೊಕ್ಕ ಮುಂಗಡ ಕೊಟ್ಟು ಹೋದಳಲ್ಲ.” ಆಮೇಲೆ, ಹಳೆಯ ಮಾಸ್ತರಣಿಯ ಕರುಣೆಯಿಂದ, “ಚಹಾ ಮಾಡ್ಲಿ?” ಎಂದರು. ಕುಡಿದು ಬಂದೆ.

ಖಾನಾಪುರದಲ್ಲಿ ಸುಶೀಲಾ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಸಿಟ್ಟಿನ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ನನ್ನ ಒಂದು ಮಾತು ಕೇಳಬೇಕಾಗಿತ್ತು.”

“ಕೇಳಿದ್ರ ನೀವು ಬ್ಯಾಡ ಅಂತಿರಲಿಲ್ಲ” ಎಂದಳು, ಮೊರದಿಂದ ಕಣ್ಣೆತ್ತದೆ. “ಬ್ಯಾಡ ಅಂದಿದ್ರ ಜಗಳರ ಆಡ್ತಿದ್ದೆ. ನೀವು ನೋಡೂಣು ಅಂತಿದ್ರಿ. ಇಪ್ಪತ್ತಾರು ವರ್ಷ ನೋಡೀನಿ. ಸಾಕಾತ್ರಿ.”

ನಾನು ಪಟ್ಟಿಯನ್ನು ಅವಳ ಮುಂದಿಟ್ಟೆ. ಅವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎರಡೂ ಹಾಳೆಗಳನ್ನು ಸಾವಕಾಶ ಓದಿದಳು. ಸೋರುವುದು, ಖರೇ. ನೀರು, ಖರೇ. ಮೆಟ್ಟಿಲು ಕಡಿದು, ಅದೂ ಖರೇ. ತನ್ನ ಮೊಣಕಾಲುಗಳು ಈಗಲೇ ನೋಯುತ್ತವೆ. ಎಣ್ಣೆಯ ಕಲೆ ಬಂದಾಗ ತುಸು ತಡೆದಳು. ಹಾಳೆ ಮಡಚಿ ನನ್ನ ಕೈಗೆ ಮರಳಿಸಿದಳು. “ಎಲ್ಲಾ ಖರೇ ಅವ. ಅಲ್ಲೇ ಇರೂಣು.” ಮತ್ತೆ ಅಕ್ಕಿಯ ಕಡೆ ತಿರುಗಿದಳು. ಹರಳು ಹುಡುಕುವುದರಲ್ಲಿ ಅವಳೂ ಕಡಿಮೆಯವಳಲ್ಲ. ಆದರೆ ಅವಳು ಹರಳು ತೆಗೆದು ಅನ್ನ ಮಾಡುತ್ತಾಳೆ.

ಹದಿನೈದು ದಿನಕ್ಕೆ ನೋಂದಣಿ. ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡೆಗಳಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ರಾಡಿ. ಇಂದೂಬಾಯಿ ಮಾರುವವರು, ಸುಶೀಲಾ ಕೊಳ್ಳುವವಳು, ಇಬ್ಬರೂ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕುಳಿತು ಖಾನಾಪುರದ ಚಳಿಯ ಬಗ್ಗೆ ಮಾತಾಡುತ್ತಿದ್ದರು. ಅಂದು ಬರಬೇಕಾಗಿದ್ದ ಸಾಕ್ಷಿಗಳಲ್ಲಿ ಒಬ್ಬ ಬರಲಿಲ್ಲ. ಆ ಜಾಗ ನನಗೆ ಸಿಕ್ಕಿತು. ಗುಮಾಸ್ತ ತಲೆ ಎತ್ತದೆ ಕೇಳಿದ.

“ಖರೀದಿ ಮಾಡಾಕತ್ತಾರಲ್ಲ, ಈ ಬಾಯಾರನ್ನ ಎಷ್ಟು ವರ್ಷದಿಂದ ಬಲ್ರಿ?”

“ಇಪ್ಪತ್ತಾರು” ಎಂದೆ.

“ಚಲೋತ್ನಂಗ ಗೊತ್ತದಾರಲ್ಲ?”

ದಿನವೂ ಕೇಳಿ ಕೇಳಿ ಸವೆದ ಪ್ರಶ್ನೆ ಅದು, ಅವನಿಗೆ. ನಾನು ಪೆನ್ನು ಹಿಡಿದು ನಿಂತುಬಿಟ್ಟೆ. ಏನು ಹೇಳಿದರೆ ತಪ್ಪಾಗಲಾರದು ಎಂದು ಯೋಚಿಸುತ್ತಲೇ ಇದ್ದೆ. ಹಿಂದಿನವರು ಗೊಣಗತೊಡಗಿದರು. ಬೆಂಚಿನ ಕಡೆಯಿಂದ ಸುಶೀಲಾಳ ದನಿ ಬಂತು:

“ಹೂಂ ಅನ್ರಿ. ಮಂದಿ ನಿಂತಾರ.”

ಹೂಂ ಎಂದು ಸಹಿ ಮಾಡಿದೆ.